ಮುರಕಲ್ಲಿನ ಮನೆಯಲ್ಲಿ ವೈ-ಫೈ: ರಿಪೀಟರ್, ಮೆಶ್ ಮತ್ತು ಕೇಬಲ್‌ಗಳ ಹೋಲಿಕೆ

ಪುತ್ತೂರು ತಾಲೂಕಿನಲ್ಲಿರುವ ನಮ್ಮ ಮನೆಯ ಹಳೆಯ ಭಾಗವನ್ನು ಅಜ್ಜ ಮುರಕಲ್ಲಿನಿಂದ (ಜಂಬಿಟ್ಟಿಗೆ) ಕಟ್ಟಿಸಿದ್ದರು. ಗೋಡೆಗಳ ದಪ್ಪ ಒಂದೂವರೆ ಅಡಿ, ಮೇಲೆ ಮಂಗಳೂರು ಹಂಚಿನ ಮಾಡು. ಅದಕ್ಕೆ ತಾಗಿಸಿ ಅಪ್ಪ ತಾರಸಿಯ ಎರಡು ಕೋಣೆಗಳನ್ನು ಸೇರಿಸಿದರು. ಫೈಬರ್ ಸಂಪರ್ಕ ಬಂದು ನಿಂತಿರುವುದು ಚಾವಡಿಯ ಮೂಲೆಯಲ್ಲಿ. ಅಲ್ಲಿಂದ ಅಡುಗೆಮನೆಗೆ ಎರಡು ಗೋಡೆ, ನಾನು ಕೆಲಸಕ್ಕೆ ಕೂರುವ ಹಿಂದಿನ ಕೋಣೆಗೆ ಮೂರು ಗೋಡೆ, ಅಂಗಳ ದಾಟಿ ದನದ ಹಟ್ಟಿಗೆ ಸುಮಾರು 40 ಮೀಟರ್. ಮೊಬೈಲ್ ಸಿಗ್ನಲ್ ಅಂಗಳದ ಒಂದು ತುದಿಯಲ್ಲಿ ಮಾತ್ರ ಸಿಗುವುದರಿಂದ ಮನೆಯೊಳಗಿನ ಫೋನ್ ಕರೆಗಳೆಲ್ಲ ವೈ-ಫೈ ಕಾಲಿಂಗ್ ಮೂಲಕವೇ ನಡೆಯಬೇಕು. ಆದ್ದರಿಂದ ವೈ-ಫೈ ಮನೆಯ ಮೂಲೆಮೂಲೆಗೂ ತಲುಪುವುದು ನಮಗೆ ಅನುಕೂಲದ ಮಾತಲ್ಲ, ಅಗತ್ಯದ ಮಾತು.

ಎರಡು ವರ್ಷಗಳಲ್ಲಿ ಒಂದಾದ ಮೇಲೊಂದರಂತೆ ರೌಟರಿನ ಸಿಗ್ನಲನ್ನು ಹಿಡಿದು ಮತ್ತೆ ಹರಡುವ ರಿಪೀಟರ್, ವಿದ್ಯುತ್ ತಂತಿಯ ಮೂಲಕ ಇಂಟರ್ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್, ಎರಡು ಬಗೆಯ ಮೆಶ್, ಹಳೆಯ ರೌಟರಿಗೆ ಕೇಬಲ್ ಜೋಡಿಸಿ ಮಾಡಿದ ಆಕ್ಸೆಸ್ ಪಾಯಿಂಟ್ ಇವೆಲ್ಲವನ್ನೂ ಇದೇ ಮನೆಯಲ್ಲಿ ಬಳಸಿ ನೋಡಿದ್ದೇನೆ. ಸಂಪರ್ಕ 100 ಎಂಬಿಪಿಎಸ್‌ನದು. ಪ್ರತಿಯೊಂದನ್ನೂ ಮೂರು ವಿಷಯಗಳಲ್ಲಿ ಒರೆಗೆ ಹಚ್ಚಿದೆ: ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪಿಗೆ ಸಿಗುವ ವೇಗ, ಅಮ್ಮ ಫೋನಿನಲ್ಲಿ ಮಾತನಾಡುತ್ತಾ ಚಾವಡಿಯಿಂದ ಅಡುಗೆಮನೆಗೆ ನಡೆದರೆ ಕರೆ ಉಳಿಯುತ್ತದೆಯೇ ಎಂಬುದು, ಮತ್ತು ಕರೆಂಟ್ ಹೋಗಿ ಬಂದ ಮೇಲೆ ಯಾರೂ ಏನೂ ಮುಟ್ಟದೆ ಎಲ್ಲವೂ ತಾನಾಗಿ ಸರಿಹೋಗುತ್ತದೆಯೇ ಎಂಬುದು. ಮೂರನೆಯದನ್ನು ಪೇಟೆಯವರು ಲೆಕ್ಕಕ್ಕೆ ಹಿಡಿಯಲಿಕ್ಕಿಲ್ಲ. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ಊರಿನವರಿಗೆ ಅದು ಮುಖ್ಯ.

ಮೊದಲು ತಂದದ್ದು ಗೋಡೆಯ ಸಾಕೆಟಿಗೆ ನೇರವಾಗಿ ಸಿಕ್ಕಿಸುವ, 2.4 ಗಿಗಾಹರ್ಟ್ಸ್ ಮಾತ್ರ ಇರುವ ರಿಪೀಟರ್. ಬೆಲೆ ಕಡಿಮೆ, ಜೋಡಿಸುವುದು ಐದು ನಿಮಿಷದ ಕೆಲಸ. ಅದನ್ನು ಊಟದ ಕೋಣೆಯಲ್ಲಿ ಹಾಕಿದಾಗ ಅಡುಗೆಮನೆಯಲ್ಲಿ ಫೋನಿನ ವೈ-ಫೈ ಗುರುತು ತುಂಬಿಕೊಂಡಿತು, ಆದರೆ ವೇಗ 12ರಿಂದ 14 ಎಂಬಿಪಿಎಸ್ ದಾಟಲಿಲ್ಲ. ಕಾರಣ ಸರಳವಾದದ್ದು. ಒಂದೇ ರೇಡಿಯೊ ಇರುವ ರಿಪೀಟರ್ ರೌಟರಿನಿಂದ ಕೇಳಿಸಿಕೊಂಡದ್ದನ್ನು ಅದೇ ಚಾನೆಲ್‌ನಲ್ಲಿ ಮತ್ತೆ ಹೇಳಬೇಕು. ಕೇಳುವಾಗ ಹೇಳಲಾರದು, ಹೇಳುವಾಗ ಕೇಳಲಾರದು. ಹೀಗಾಗಿ ಅದಕ್ಕೆ ತಲುಪಿದ ವೇಗದಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಲಿಯೇ ಕಳೆದುಹೋಗುತ್ತದೆ. ಫೋನಿನಲ್ಲಿ ಕಾಣುವ ಗುರುತು ರಿಪೀಟರಿಗೂ ಫೋನಿಗೂ ನಡುವಿನ ಬಲವನ್ನು ತೋರಿಸುತ್ತದೆಯೇ ಹೊರತು ರಿಪೀಟರಿಗೂ ರೌಟರಿಗೂ ನಡುವಿನ ಬಲವನ್ನಲ್ಲ. ಅಮ್ಮನ ಕರೆ ಪ್ರತಿಸಲವೂ ಊಟದ ಕೋಣೆಯ ಬಾಗಿಲಲ್ಲಿ ಕಡಿಯಿತು. ಒಂದು ಕೋಣೆಯಲ್ಲಿ ಟಿವಿ ನೋಡುವುದಷ್ಟೇ ಬೇಕಾದವರಿಗೆ ರಿಪೀಟರ್ ಸಾಕು. ನಮ್ಮಂಥ ಮನೆಗೆ ನಾನು ಹೇಳುವುದಿಲ್ಲ.

ಪವರ್‌ಲೈನ್ ಅಡಾಪ್ಟರಿನ ಮೇಲೆ ನನಗೆ ಹೆಚ್ಚು ಭರವಸೆಯಿತ್ತು, ಏಕೆಂದರೆ ಅದಕ್ಕೆ ಗೋಡೆಯ ಹಂಗಿಲ್ಲ. ಆದರೆ ನಮ್ಮಲ್ಲಿರುವುದು ಮೂರು ಫೇಸಿನ ಸಂಪರ್ಕ. ಚಾವಡಿ ಒಂದು ಫೇಸಿನಲ್ಲಿ, ಹಿಂದಿನ ಕೋಣೆ ಇನ್ನೊಂದರಲ್ಲಿ ಇದ್ದುದರಿಂದ ಎರಡು ಅಡಾಪ್ಟರುಗಳು ಒಂದನ್ನೊಂದು ಕಾಣಲೇ ಇಲ್ಲ. ಇಲೆಕ್ಟ್ರಿಷಿಯನ್ ಬಂದು ಬೋರ್ಡಿನಲ್ಲಿ ಎರಡನ್ನೂ ಒಂದೇ ಫೇಸಿಗೆ ತಂದ ಮೇಲೆ 30 ಎಂಬಿಪಿಎಸ್ ಬಂದಿತು. ಅಮ್ಮ ದೋಸೆ ಹಿಟ್ಟಿಗೆ ಮಿಕ್ಸಿ ಹಾಕಿದ ಕೂಡಲೇ ಅದು ಆರಕ್ಕೆ ಇಳಿಯಿತು. ಇನ್ವರ್ಟರ್ ಮೇಲೆ ನಡೆಯುವಾಗ ಸಂಪರ್ಕವೇ ಇರಲಿಲ್ಲ. ಒಂದು ವಾರದಲ್ಲಿ ಅದನ್ನು ಹಿಂದಿರುಗಿಸಿದೆ.

ಆಮೇಲೆ ಮೆಶ್. ನೋಡ್ ಎನ್ನುವ ಹಲವು ಪೆಟ್ಟಿಗೆಗಳು ಸೇರಿ ಒಂದೇ ಹೆಸರಿನ, ಒಂದೇ ಪಾಸ್‌ವರ್ಡಿನ ವೈ-ಫೈಯನ್ನು ಕೊಡುತ್ತವೆ. ಯಾವ ನೋಡ್ ಯಾವುದರ ಮೂಲಕ ಮುಖ್ಯ ರೌಟರನ್ನು ಸೇರಬೇಕೆಂಬುದನ್ನು ಅವೇ ತೀರ್ಮಾನಿಸಿಕೊಳ್ಳುತ್ತವೆ. ನೋಡ್‌ಗಳ ನಡುವಿನ ಈ ಸಂಪರ್ಕಕ್ಕೆ ಬ್ಯಾಕ್‌ಹಾಲ್ ಎನ್ನುತ್ತಾರೆ. ನಾನು ಕೊಂಡದ್ದು ಮೂರು ನೋಡ್‌ಗಳ, 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇರುವ ಡ್ಯುಯಲ್ ಬ್ಯಾಂಡ್ ವೈ-ಫೈ 6 ಜೋಡಣೆ. ಇದರಲ್ಲಿ ಬ್ಯಾಕ್‌ಹಾಲಿಗೂ ನಮ್ಮ ಫೋನುಗಳಿಗೂ ಅದೇ ರೇಡಿಯೊಗಳು ಹಂಚಿಹೋಗುತ್ತವೆ. ಬೆಂಗಳೂರಿನಲ್ಲಿರುವ ತಮ್ಮನ ಮನೆಯಿಂದ ಹದಿನೈದು ದಿನಗಳ ಮಟ್ಟಿಗೆ ಟ್ರೈ-ಬ್ಯಾಂಡ್ ಜೋಡಣೆಯನ್ನೂ ತರಿಸಿಕೊಂಡೆ. ಅದರಲ್ಲಿ 5 ಗಿಗಾಹರ್ಟ್ಸಿನ ಎರಡು ರೇಡಿಯೊಗಳಿದ್ದು, ಒಂದು ಬ್ಯಾಕ್‌ಹಾಲಿಗೆಂದೇ ಮೀಸಲು. ಬೆಲೆ ನನ್ನದರ ಎರಡು ಪಟ್ಟಿಗಿಂತ ಹೆಚ್ಚು. ಆದ್ದರಿಂದ ಈ ಎರಡರ ಹೋಲಿಕೆಗೆ ನಾನು ಅತಿ ಹೆಚ್ಚು ಸಮಯ ಕೊಟ್ಟೆ.

ಮೊದಲು ಎರಡನ್ನೂ ಕೋಣೆಗೊಂದರಂತೆ ಇಟ್ಟೆ: ಚಾವಡಿ, ಅಡುಗೆಮನೆ, ಹಿಂದಿನ ಕೋಣೆ. ನನ್ನ ಡ್ಯುಯಲ್ ಬ್ಯಾಂಡ್ ಜೋಡಣೆಯಲ್ಲಿ ಅಡುಗೆಮನೆಗೆ 40 ಎಂಬಿಪಿಎಸ್, ಅಲ್ಲಿಂದ ಮತ್ತೊಂದು ನೆಗೆತ ದಾಟಿದ ಹಿಂದಿನ ಕೋಣೆಗೆ 15ರಿಂದ 18 ಬಂದಿತು. ಟ್ರೈ-ಬ್ಯಾಂಡಿನಲ್ಲಿ ಇದೇ ಎರಡು ಜಾಗಗಳಿಗೆ 55 ಮತ್ತು 30 ಬಂದಿತು. ಹೆಚ್ಚು ಹೌದು, ಆದರೆ ಕೊಟ್ಟ ಬೆಲೆಗೆ ತಕ್ಕಷ್ಟು ಹೆಚ್ಚಲ್ಲ. ಬ್ಯಾಕ್‌ಹಾಲಿನ ಸಿಗ್ನಲ್ ಬಲವನ್ನು ಆ್ಯಪಿನಲ್ಲಿ ನೋಡಿದಾಗ ಕಾರಣ ತಿಳಿಯಿತು. ಅಡುಗೆಮನೆಯ ನೋಡ್ ಚಾವಡಿಯದನ್ನು ಕೇಳಿಸಿಕೊಳ್ಳುತ್ತಿದ್ದುದು ಮೈನಸ್ 78 ಡಿಬಿಎಂನಲ್ಲಿ. ಡಿಬಿಎಂ ಎಂದರೆ ಸಿಗ್ನಲ್ ಬಲದ ಅಳತೆ, ಸಂಖ್ಯೆ ಸೊನ್ನೆಗೆ ಹತ್ತಿರವಾದಷ್ಟು ಬಲ ಹೆಚ್ಚು. ಮಾತು ಕಡಿಯದಿರಬೇಕಾದರೆ ಮೈನಸ್ 67ರ ಆಸುಪಾಸಿನಲ್ಲಾದರೂ ಇರಬೇಕು. 5 ಗಿಗಾಹರ್ಟ್ಸಿನ ಅಲೆಗಳು 2.4ರ ಅಲೆಗಳಿಗಿಂತ ಗೋಡೆಗೆ ಬೇಗ ಸೋಲುತ್ತವೆ. ಬ್ಯಾಕ್‌ಹಾಲಿಗೆ ಎಷ್ಟು ರೇಡಿಯೊ ಮೀಸಲಿಟ್ಟರೇನು, ಅದು ಒಂದೂವರೆ ಅಡಿಯ ಕಲ್ಲನ್ನು ತೂರಿ ಹೋಗಬೇಕಾಗಿದ್ದರೆ ಮೀಸಲಾತಿಯಿಂದ ಪ್ರಯೋಜನವಿಲ್ಲ.

ಆಮೇಲೆ ಜಾಗ ಬದಲಾಯಿಸಿದೆ. ಎರಡನೆಯ ನೋಡನ್ನು ಅಡುಗೆಮನೆಯಿಂದ ತೆಗೆದು, ಚಾವಡಿಯ ಬಾಗಿಲಿಗೆ ನೇರವಾಗಿ ಕಾಣುವ ನಡುಕೋಣೆಯ ಹಲಗೆಯ ಮೇಲೆ ಇಟ್ಟೆ. ಅಲ್ಲಿ ಮೊದಲು ತಾಮ್ರದ ಕೊಡ ಮತ್ತು ಹಿತ್ತಾಳೆಯ ಹರಿವಾಣಗಳಿದ್ದವು. ಅವನ್ನು ಪಕ್ಕದ ಗೂಡಿಗೆ ಸರಿಸಿದ್ದರಿಂದಲೇ ಐದಾರು ಡಿಬಿ ಸಿಕ್ಕಿತು. ಅಲೆಗಳು ಈಗ ಗೋಡೆಯನ್ನು ತೂರದೆ ಬಾಗಿಲಿನಿಂದ ಬಾಗಿಲಿಗೆ ಹೋಗತೊಡಗಿದವು. ಬ್ಯಾಕ್‌ಹಾಲ್ ಮೈನಸ್ 61ಕ್ಕೆ ಬಂದಿತು, ನನ್ನ ಅಗ್ಗದ ಡ್ಯುಯಲ್ ಬ್ಯಾಂಡ್ ಜೋಡಣೆಯೇ ಅಡುಗೆಮನೆಗೆ 62 ಎಂಬಿಪಿಎಸ್ ಕೊಟ್ಟಿತು. ಅಂದರೆ ತಪ್ಪು ಜಾಗದಲ್ಲಿಟ್ಟ ದುಬಾರಿ ಮೆಶ್‌ಗಿಂತ ಸರಿಯಾದ ಜಾಗದಲ್ಲಿಟ್ಟ ಸಾಧಾರಣ ಮೆಶ್ ಮುಂದೆ ಹೋಯಿತು. ಸಿಗ್ನಲ್ ಸಿಗದ ಕೋಣೆಯಲ್ಲಿಯೇ ನೋಡ್ ಇಡಬೇಕೆಂಬುದು ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದೆ. ನೋಡ್ ಇರಬೇಕಾದದ್ದು ಸಿಗ್ನಲ್ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ.

ಕರೆಯ ವಿಷಯದಲ್ಲಿ ಎರಡೂ ಮೆಶ್‌ಗಳು ಒಂದೇ ಮಟ್ಟದಲ್ಲಿ ಗೆದ್ದವು. ಒಂದು ನೋಡಿನಿಂದ ಇನ್ನೊಂದಕ್ಕೆ ಯಾವಾಗ ಜಿಗಿಯಬೇಕೆಂದು ಕೊನೆಗೆ ತೀರ್ಮಾನಿಸುವುದು ಫೋನೇ, ಆದರೆ 802.11 ಕುಟುಂಬದ ಕೆ, ವಿ, ಆರ್ ಎಂಬ ಮೂರು ಮಾನಕಗಳಿದ್ದರೆ ಹತ್ತಿರದ ನೋಡ್ ಯಾವುದೆಂದು ಫೋನಿಗೆ ಮೊದಲೇ ತಿಳಿದಿರುತ್ತದೆ, ದಾಟುವಾಗ ಗುರುತು ಹೇಳಿಕೊಳ್ಳುವ ಕೆಲಸವೂ ಚುಟುಕಾಗುತ್ತದೆ. ಅಮ್ಮ ಅಕ್ಕನೊಡನೆ ಮಾತನಾಡುತ್ತಾ ಚಾವಡಿಯಿಂದ ಅಡುಗೆಮನೆಗೆ, ಅಲ್ಲಿಂದ ಬಚ್ಚಲಿನ ಕಡೆಗೆ ನಡೆದರು, ಮಾತು ಕಡಿಯಲಿಲ್ಲ. ಆ ದಿನವೇ ಮೆಶ್ ಮನೆಯಲ್ಲಿ ಉಳಿಯುವುದೆಂದು ನಿಶ್ಚಯವಾಯಿತು.

ಆದರೆ ಆ ನಿಶ್ಚಯ ಮಾರ್ಚಿನದು. ಜುಲೈಯಲ್ಲಿ ಮಳೆ ಹೊಡೆದು ಹೊರಗೋಡೆಗಳು ನೀರು ಹೀರಿಕೊಂಡವು. ಹಿಂದಿನ ಕೋಣೆಯ ನೋಡ್ ಗೋಡೆ ತೂರದೆ ಮಾರ್ಗವಿಲ್ಲದ ಜಾಗದಲ್ಲಿತ್ತು. ನಡುವಿನ ನೋಡಿನ ಜಾಗ ಬದಲಿಸಿದ ಮೇಲೆ 30ರ ಸುಮಾರಿಗೆ ಏರಿದ್ದ ಅದರ ವೇಗ ಹತ್ತಕ್ಕೆ ಬಂದಿತು, ವಿಡಿಯೊ ಸಭೆಗಳಲ್ಲಿ ನನ್ನ ಮಾತು ತುಂಡುತುಂಡಾಯಿತು. ನೀರು ಈ ಅಲೆಗಳನ್ನು ನುಂಗುತ್ತದೆ, ಒದ್ದೆಯಾದ ಕಲ್ಲು ಒಣಗಿದ ಕಲ್ಲಿನಂತಲ್ಲ. ಬೇಸಗೆಯಲ್ಲಿ ಪರೀಕ್ಷಿಸಿ ಕೊಂಡವರು ಇದನ್ನು ನೆನಪಿಡಬೇಕು.

ಆಗ ಕೇಬಲ್ ಎಳೆಯಲು ಹೊರಟೆ, ಮೊದಲೇ ಹೊರಡಬೇಕಾಗಿತ್ತು. ಮುರಕಲ್ಲಿಗೆ ಡ್ರಿಲ್ ಹಾಕುವುದು ಅಷ್ಟು ಕಷ್ಟವಲ್ಲ, ಕಲ್ಲು ಮೆದು. ಆದರೆ ಒಂದೂವರೆ ಅಡಿ ತೂರುವ ಉದ್ದದ ಬಿಟ್ ಬೇಕು, ಒಳಗಿನಿಂದ ಹೊರಕ್ಕೆ ಸ್ವಲ್ಪ ಇಳಿಜಾರಾಗಿ ಕೊರೆಯಬೇಕು. ಇಲ್ಲವಾದರೆ ಮಳೆಯ ನೀರು ಕೇಬಲಿನ ಗುಂಟ ಒಳಗೆ ಬರುತ್ತದೆ. ಕೆಂಪು ಹುಡಿ ಒಂದು ಬಕೆಟ್ ಉದುರಿತು. ಹಂಚಿನ ಮಾಡಿನ ಕೆಳಗೆ ಪಕ್ಕಾಸುಗಳ ಸಾಲಿನಲ್ಲಿ ಪಿವಿಸಿ ಪೈಪಿನೊಳಗೆ ಕ್ಯಾಟ್ 6 ಕೇಬಲ್ ಓಡಿಸಿದೆವು, ಇಲಿ ಕಡಿಯದಿರಲೆಂದು ಪೈಪಿನ ಬಾಯಿಗಳನ್ನು ಮುಚ್ಚಿದೆವು. ಒಂದೇ ದಿನದ ಕೆಲಸ. ತಾಮ್ರದ ಈಥರ್ನೆಟ್ ಕೇಬಲ್ 100 ಮೀಟರಿನವರೆಗೆ ಗಿಗಾಬಿಟ್ ವೇಗವನ್ನು ಸಲೀಸಾಗಿ ಒಯ್ಯುತ್ತದೆ, ನಮಗೆ ಬೇಕಾದದ್ದು 28 ಮೀಟರ್.

ಕೇಬಲಿನ ತುದಿಗೆ ಮೊದಲು ಹಳೆಯ ರೌಟರನ್ನೇ ಹಾಕಿದೆ. ಅದಕ್ಕೆ ಖರ್ಚಿಲ್ಲ, ಆದರೆ ಮಾಡಬೇಕಾದ ಬದಲಾವಣೆಗಳಿವೆ: ಸಾಧನಗಳಿಗೆ ವಿಳಾಸ ಹಂಚುವ ಅದರ ಡಿಎಚ್‌ಸಿಪಿಯನ್ನು ನಿಲ್ಲಿಸಬೇಕು, ಅದರ ಸ್ವಂತ ವಿಳಾಸವನ್ನು ಮುಖ್ಯ ರೌಟರಿನದಕ್ಕೆ ಡಿಕ್ಕಿಯಾಗದಂತೆ ಬದಲಿಸಬೇಕು, ಕೇಬಲನ್ನು ಹೊರಗಿನ ಇಂಟರ್ನೆಟ್ಟಿಗೆಂದಿರುವ ವ್ಯಾನ್ ಪೋರ್ಟಿಗಲ್ಲ ಮನೆಯೊಳಗಿನ ಸಾಧನಗಳಿಗೆಂದಿರುವ ಲ್ಯಾನ್ ಪೋರ್ಟಿಗೆ ಸಿಕ್ಕಿಸಬೇಕು, 2.4 ಗಿಗಾಹರ್ಟ್ಸಿನಲ್ಲಿ ಒಂದಕ್ಕೊಂದು ಅಡ್ಡಬಾರದ 1, 6, 11ನೆಯ ಚಾನೆಲ್‌ಗಳಲ್ಲಿ ಮುಖ್ಯ ರೌಟರ್ ಬಳಸದ ಒಂದನ್ನು ಕೊಡಬೇಕು. ಇಷ್ಟಾದ ಮೇಲೆ ಹಿಂದಿನ ಕೋಣೆಯಲ್ಲಿ 90 ಎಂಬಿಪಿಎಸ್ ಬಂದಿತು, ಮಳೆ ಬಂದರೂ ಹೋದರೂ ಅಷ್ಟೇ. ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇಟ್ಟರೆ ಫೋನು ತಾನಾಗಿಯೇ ದಾಟುತ್ತದೆ; ಆದರೆ ಹಳೆಯ ರೌಟರಿಗೆ ಆ ಮೂರು ಮಾನಕಗಳು ತಿಳಿಯದಿದ್ದುದರಿಂದ ದಾಟುವಾಗ ಎರಡು ಮೂರು ಸೆಕೆಂಡು ಮೌನ. ಕೂತು ಕೆಲಸ ಮಾಡುವವರಿಗೆ ಇದು ತೊಂದರೆಯೇ ಅಲ್ಲ. ನಡೆದಾಡುತ್ತಾ ಮಾತನಾಡುವವರಿಗೆ ತೊಂದರೆ.

ಕೊನೆಗೆ ಉಳಿದ ಏರ್ಪಾಡು, ಅದೇ ಕೇಬಲಿಗೆ ಮೆಶ್ ನೋಡ್‌ಗಳನ್ನು ಜೋಡಿಸಿದ್ದು. ಬಹುತೇಕ ಮೆಶ್‌ಗಳು ಕೇಬಲ್ ಸಿಕ್ಕಿಸಿದೊಡನೆ ಬ್ಯಾಕ್‌ಹಾಲನ್ನು ತಾವೇ ತಂತಿಗೆ ಬದಲಿಸಿಕೊಳ್ಳುತ್ತವೆ. ಆಗ ರೇಡಿಯೊಗಳೆಲ್ಲ ಫೋನು, ಲ್ಯಾಪ್‌ಟಾಪುಗಳಿಗೆ ಉಳಿಯುತ್ತವೆ, ಡ್ಯುಯಲ್ ಬ್ಯಾಂಡಿಗೂ ಟ್ರೈ-ಬ್ಯಾಂಡಿಗೂ ನಮ್ಮ 100 ಎಂಬಿಪಿಎಸ್‌ನಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಎಲ್ಲ ಕೋಣೆಗಳಲ್ಲಿ 94, ಕರೆಯೂ ಕಡಿಯುವುದಿಲ್ಲ. ಕೊಳ್ಳುವಾಗ ನೋಡಬೇಕಾದದ್ದು ಎರಡು: ನೋಡಿನ ಈಥರ್ನೆಟ್ ಪೋರ್ಟ್ ಗಿಗಾಬಿಟ್ ಆಗಿರಲಿ, ಏಕೆಂದರೆ ಅಗ್ಗದ ಕೆಲವು ಮಾದರಿಗಳಲ್ಲಿ ಅದು 100 ಎಂಬಿಪಿಎಸ್‌ಗೇ ನಿಲ್ಲುತ್ತದೆ, ನಾಳೆ ಸಂಪರ್ಕದ ವೇಗ ಏರಿಸಿದರೆ ಕೈಕಟ್ಟುತ್ತದೆ; ಎರಡನೆಯದಾಗಿ, ಮುಂದೆ ಸೇರಿಸಬೇಕಾದ ನೋಡ್‌ಗಳು ಅದೇ ಸಾಲಿನವಾಗಿರಬೇಕು. ವೈ-ಫೈ ಅಲಯನ್ಸ್ 2018ರಲ್ಲಿ ಈಸಿಮೆಶ್ ಎಂಬ ಸಾಮಾನ್ಯ ಮಾನಕವನ್ನು ತಂದಿದ್ದರೂ ಒಂದು ಕಂಪನಿಯ ನೋಡ್ ಇನ್ನೊಂದರೊಡನೆ ಕೂಡುತ್ತದೆಂದು ನಂಬಿ ಕೊಳ್ಳಬಾರದು. ಫೈಬರಿನವರು ಕೊಟ್ಟ ಪೆಟ್ಟಿಗೆ ತಾನೇ ರೌಟರ್ ಆಗಿದ್ದರೆ ಮೆಶ್ಶನ್ನು, ರೌಟರಿನ ಕೆಲಸ ಬಿಟ್ಟು ವೈ-ಫೈ ಮಾತ್ರ ಕೊಡುವ ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ, ಆ ಪೆಟ್ಟಿಗೆಯ ವೈ-ಫೈಯನ್ನು ಆರಿಸಿಬಿಡಬೇಕು. ಇಲ್ಲವಾದರೆ ಮನೆಯಲ್ಲಿ ಎರಡು ಜಾಲಗಳಾಗಿ ಒಂದರಲ್ಲಿರುವ ಪ್ರಿಂಟರ್ ಇನ್ನೊಂದಕ್ಕೆ ಕಾಣುವುದಿಲ್ಲ.

ಕರೆಂಟಿನ ಪರೀಕ್ಷೆಯಲ್ಲಿ ರಿಪೀಟರ್ ಮತ್ತು ಹಳೆಯ ರೌಟರ್ ಒಂದು ನಿಮಿಷದೊಳಗೆ ಎದ್ದವು. ಮೆಶ್ ನೋಡ್‌ಗಳಿಗೆ ಎರಡರಿಂದ ಮೂರು ನಿಮಿಷ ಬೇಕಾಯಿತು, ಅಷ್ಟರಲ್ಲಿ ಮತ್ತೊಮ್ಮೆ ಕರೆಂಟ್ ಹೋದರೆ ಮೊದಲಿನಿಂದ ಆರಂಭ. ಎಲ್ಲ ನೋಡ್‌ಗಳನ್ನೂ ಇನ್ವರ್ಟರ್ ಸಾಲಿನ ಸಾಕೆಟ್ಟಿಗೆ ತಂದ ಮೇಲೆ ಈ ಪ್ರಶ್ನೆ ಉಳಿಯಲಿಲ್ಲ.

ಹಟ್ಟಿಯ ವಿಷಯವನ್ನು ಬೇರೆಯಾಗಿ ಹೇಳಬೇಕು, ಏಕೆಂದರೆ ಅಲ್ಲಿ ನಾನು ನಷ್ಟ ಮಾಡಿಕೊಂಡೆ. ಒಳಗೆ ಕೇಬಲ್ ಗೆದ್ದ ಹುಮ್ಮಸ್ಸಿನಲ್ಲಿ ಹಟ್ಟಿಗೂ ಅದನ್ನೇ ಅಂಗಳದ ಮೇಲಿನಿಂದ ಎಳೆದಿದ್ದೆ. ಮೇ ತಿಂಗಳ ಒಂದು ಸಂಜೆ ತೋಟದಲ್ಲಿ ಸಿಡಿಲು ಬಡಿಯಿತು. ಹಟ್ಟಿಯಲ್ಲಿದ್ದ ಹಳೆಯ ರೌಟರ್, ಚಾವಡಿಯ ನೋಡ್, ಫೈಬರ್ ಪೆಟ್ಟಿಗೆಯ ಲ್ಯಾನ್ ಪೋರ್ಟ್ ಮೂರೂ ಸುಟ್ಟವು. ನೇರವಾಗಿ ಬಡಿಯಬೇಕೆಂದೇ ಇಲ್ಲ. ಹತ್ತಿರ ಬಿದ್ದ ಸಿಡಿಲೂ ಉದ್ದನೆಯ ತಾಮ್ರದಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. ನಮ್ಮ ಸೀಮೆಯಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಿನಲ್ಲಿ ತಾಮ್ರದ ಕೇಬಲ್ ಎಳೆಯಲೇಬಾರದೆಂದು ಕಳಕಳಿಯಿಂದ ಹೇಳುತ್ತೇನೆ.

ಈಗ ಅಲ್ಲಿರುವುದು 60 ಮೀಟರ್ ಫೈಬರ್, ಎರಡು ತುದಿಗಳಲ್ಲಿ ಫೈಬರಿನ ಬೆಳಕನ್ನೂ ಈಥರ್ನೆಟ್ ಸಂಕೇತವನ್ನೂ ಒಂದರಿಂದ ಇನ್ನೊಂದಕ್ಕೆ ಬದಲಿಸುವ ಮೀಡಿಯಾ ಕನ್ವರ್ಟರ್. ಮನೆಗಳಿಗೆ ಎಳೆಯುವ ಫೈಬರ್ ಕೇಬಲುಗಳಲ್ಲಿ ಆಧಾರಕ್ಕೆಂದು ಉಕ್ಕಿನ ತಂತಿ ಇರುವುದುಂಟು, ಆದ್ದರಿಂದ ಲೋಹವಿಲ್ಲದ್ದನ್ನೇ ಕೇಳಿ ತರಿಸಿದೆ. ಒಂದೇ ಎಳೆಯಲ್ಲಿ ನಡೆಯುವ ಕನ್ವರ್ಟರುಗಳು ಎ ಮತ್ತು ಬಿ ಎಂಬ ಜೋಡಿಯಾಗಿ ಬರುತ್ತವೆ. ಒಂದು ಕಳಿಸುವ ಬೆಳಕಿನ ತರಂಗವನ್ನು ಇನ್ನೊಂದು ಸ್ವೀಕರಿಸಬೇಕು, ಎರಡೂ ಒಂದೇ ಬಗೆಯದಾದರೆ ಸಂಪರ್ಕದ ದೀಪ ಉರಿಯುವುದಿಲ್ಲ. ಅದರಾಚೆಗೆ ಸುಟ್ಟದ್ದರ ಬದಲು ಕೊಂಡ ಒಂದು ಮೆಶ್ ನೋಡ್, ದನಗಳ ಮೂತಿಗೆ ಎಟುಕದಂತೆ ಅಟ್ಟದ ತೊಲೆಗೆ ಕಟ್ಟಿದ್ದೇವೆ. ಕಳೆದ ತಿಂಗಳು ನಡುರಾತ್ರಿ ಗೌರಿ ಕರು ಹಾಕಲು ಕಷ್ಟಪಡುತ್ತಿದ್ದಾಗ ಅಪ್ಪ ಹಟ್ಟಿಯಲ್ಲಿ ನಿಂತೇ ಪಶುವೈದ್ಯರಿಗೆ ವಿಡಿಯೊ ಕರೆ ಮಾಡಿ, ಟಾರ್ಚ್ ಹಿಡಿದು ತೋರಿಸಿದರು. ಹೊರಗೆ ಗುಡುಗುತ್ತಿತ್ತು, ಡಾಕ್ಟರು ಗಾಡಿ ಹತ್ತಿ ಬಂದು ತಲುಪುವವರೆಗೂ ಆ ಕರೆ ಹಾಗೆಯೇ ಇತ್ತು.