ಸಿಡಿಲಿಗೂ ವದಂತಿಗೂ ಒಂದೇ ಸದ್ದು: ಬಿರುಗಾಳಿ ಆ್ಯಪಿನೊಂದಿಗೆ ಮೂರು ವರ್ಷ

ಹುಮನಾಬಾದ್ ತಾಲ್ಲೂಕಿನ ನಮ್ಮ ಹೊಲದಲ್ಲಿ ಬಿಳಿಜೋಳ, ಕಡಲೆ ಬೆಳೆಯುತ್ತೇವೆ. ಬದುವಿನ ಮೇಲೆ ಹತ್ತು ಮಾವಿನ ಮರಗಳಿವೆ. 2014ರ ಆಲಿಕಲ್ಲು ಮಳೆಯನ್ನು ಕಂಡವರು ಫೆಬ್ರುವರಿ ಮುಗಿಯುತ್ತಲೇ ಆಕಾಶದ ಮೇಲೆ ಒಂದು ಕಣ್ಣಿಟ್ಟೇ ಇರುತ್ತಾರೆ. ಆ ಭಯಕ್ಕೇ ಮೂರು ವರ್ಷದ ಹಿಂದೆ, ವರ್ಷಕ್ಕೆ 499 ರೂಪಾಯಿ ಕಟ್ಟಿ, ಬಿರುಗಾಳಿಯ ಜಾಡು ತೋರಿಸುವ ಆ್ಯಪ್ ಒಂದನ್ನು ಹಾಕಿಕೊಂಡೆ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಅದು ಕೊಟ್ಟ ಸುಖವನ್ನು ಮೊದಲು ಹೇಳಬೇಕು. ಮಾರ್ಚಿನಿಂದ ಮೇವರೆಗೆ ದಿನವೂ ಮೂರು ಗಂಟೆಗೆ ಚಹಾ ಹಿಡಿದು ಮಾಳಿಗೆ ಹತ್ತುತ್ತೇನೆ. ಉಮರ್ಗಾ ಕಡೆಯ ಆಕಾಶದಲ್ಲಿ ಹೂಕೋಸಿನಂತೆ ಉಬ್ಬುವ ಮೋಡದ ನೆತ್ತಿ, ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಒಂದು ಕಡೆಗೆ ಚಾಚಿಕೊಂಡರೆ, ಅದು ಹನ್ನೆರಡು ಕಿಲೋಮೀಟರಿಗೂ ಮೇಲೆ ಏರಿದೆ ಎಂದೇ ಲೆಕ್ಕ. ಆಮೇಲೆ ಮೊಬೈಲಿನ ರಾಡಾರ್ ಚಿತ್ರದಲ್ಲಿ ಅದೇ ಮೋಡವನ್ನು ಕೆಂಪು ಚುಕ್ಕೆಯಾಗಿ ಹುಡುಕುತ್ತೇನೆ. ಅಪ್ಪ ಮಿಂಚು ಕಂಡ ಕ್ಷಣದಿಂದ ಬೆರಳು ಮಡಚುತ್ತ ಎಣಿಸಿ, "ಹನ್ನೆರಡಕ್ಕ ಕೇಳ್ತು, ನಾಕ ಕಿಲೋಮೀಟರ್ ಅದ" ಎನ್ನುತ್ತಾರೆ. ಶಬ್ದಕ್ಕೆ ಒಂದು ಕಿಲೋಮೀಟರು ದಾಟಲು ಸುಮಾರು ಮೂರು ಸೆಕೆಂಡು ಬೇಕು. ಅವರ ಬೆರಳೂ ಆ್ಯಪಿನ ನಕ್ಷೆಯೂ ಬಹಳ ಸಲ ಒಂದೇ ಮಾತು ಹೇಳಿವೆ.

ಕಳೆದ ವರ್ಷದ ಅಪ್‌ಡೇಟಿನ ನಂತರ ಇದರ ನಡತೆ ಕೆಟ್ಟಿತು. "ವಿಶೇಷ" ಎಂಬ ಹೊಸ ವಿಭಾಗದಲ್ಲಿ, ಬಿರುಗಾಳಿಗಳನ್ನೆಲ್ಲ ಯಾರೋ ತಯಾರಿಸಿ ಕಳಿಸುತ್ತಿದ್ದಾರೆಂಬ ವಿಡಿಯೊಗಳು ಬರತೊಡಗಿದವು. ಅಮೆರಿಕದ ಅಲಾಸ್ಕದಲ್ಲಿರುವ ಹಾರ್ಪ್ ಎಂಬ ಸಂಶೋಧನಾ ಕೇಂದ್ರವೇ ಆಲಿಕಲ್ಲು ಸುರಿಸುತ್ತದೆ ಎಂದು ಒಂದು ವಿಡಿಯೊ. ಆ ಕೇಂದ್ರದ ರೇಡಿಯೊ ಅಲೆಗಳು ಕೆಲಸ ಮಾಡುವುದು 80 ಕಿಲೋಮೀಟರಿಗೂ ಮೇಲಿನ, ಅಯಾನುಗೋಳವೆಂಬ ವಾತಾವರಣದ ಪದರದಲ್ಲಿ, ನಮ್ಮ ಮೋಡಗಳು ಇರುವುದು ಅದಕ್ಕಿಂತ ಬಹಳ ಕೆಳಗೆ. ಇನ್ನೊಂದು ಮೋಡ ಬಿತ್ತನೆಯದು, ಅಂದರೆ ವಿಮಾನದಿಂದ ಮೋಡಕ್ಕೆ ಉಪ್ಪಿನಂಥ ಕಣ ಎರಚಿ ಮಳೆ ಬರಿಸುವ ಕೆಲಸದ್ದು. ಮೋಡ ಬಿತ್ತನೆ ಸುಳ್ಳಲ್ಲ: 2017ರಲ್ಲಿ ನಮ್ಮ ರಾಜ್ಯವೇ ವರ್ಷಧಾರೆ ಯೋಜನೆಯಲ್ಲಿ ಅದನ್ನು ಮಾಡಿಸಿತು. 2018 ಮತ್ತು 2019ರಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ನೆರೆಯ ಸೊಲ್ಲಾಪುರದಲ್ಲೇ ಪ್ರಯೋಗ ನಡೆಸಿ, ಸುಮಾರು 100 ಚದರ ಕಿಲೋಮೀಟರ್ ಪ್ರದೇಶದಲ್ಲಿ ಸರಾಸರಿ 18 ಪ್ರತಿಶತ ಹೆಚ್ಚು ಮಳೆಯಾಯಿತೆಂದು ಕಂಡುಕೊಂಡರು. ಆದರೆ ಅದಕ್ಕೆ ತೇವ ತುಂಬಿದ ಮೋಡ ಮೊದಲೇ ಇರಬೇಕು. ಬರಿಯ ಆಕಾಶದಲ್ಲಿ ಬಿರುಗಾಳಿ ಹುಟ್ಟಿಸುವುದು ಅದರಿಂದಾಗದು. ಬೀದರಿನ ವಾಯುನೆಲೆಯ ವಿಮಾನಗಳು ಮೋಡ ಓಡಿಸುತ್ತವೆ ಎಂದು ನಮ್ಮೂರಿನ ಹಿರಿಯರು ಮೊದಲೇ ನಂಬಿದ್ದರು. ಬರಗಾಲ ಉಂಡವರ ಆ ಸಂಶಯ ನನಗೆ ಅರ್ಥವಾಗುತ್ತದೆ. ಅದನ್ನು ಹಣ ಪಡೆದ ಆ್ಯಪು ಊದಿ ಹೊತ್ತಿಸುವುದು ಅರ್ಥವಾಗುವುದಿಲ್ಲ.

ವಿಡಿಯೊ ಬೇಡವೆಂದರೆ ಬಿಡಬಹುದಿತ್ತು. ನನ್ನ ದೂರು ಸದ್ದಿನದು. ಸಿಡಿಲಿನ ಎಚ್ಚರಿಕೆಗೂ ಈ ವಿಡಿಯೊಗಳ ಸೂಚನೆಗೂ ಅವರು ಒಂದೇ ಸೈರನ್ ಇಟ್ಟಿದ್ದಾರೆ. ಬೇರೆ ಮಾಡಲು ಸೆಟ್ಟಿಂಗಿನಲ್ಲಿ ದಾರಿಯೇ ಇಲ್ಲ. ಈ ಮಾರ್ಚಿನ ಒಂದು ವಾರ ಸೈರನ್ ನಾಲ್ಕು ಸಲ ಕೂಗಿತು; ನಾಲ್ಕೂ ವಿಡಿಯೊಗಳೇ. ಐದನೆಯದು ಕೂಗಿದಾಗ ನಾನು ಪೇಟೆಯಲ್ಲಿದ್ದೆ. ಕಣದಲ್ಲಿ ಜೋಳದ ರಾಶಿ ಮಾಡುತ್ತಿದ್ದ ಅಪ್ಪ, "ಮತ್ತ ಅದೇ ಇರಬೇಕು ಬಿಡು" ಎಂದು ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡರಂತೆ. ಇಪ್ಪತ್ತು ನಿಮಿಷಕ್ಕೆ ಗಾಳಿ, ಅದರ ಹಿಂದೆ ಆಲಿಕಲ್ಲು. ತಾಡಪತ್ರಿ ಗೂಟದಿಂದ ಕಿತ್ತುಹೋಯಿತು. ಹನ್ನೆರಡು ಚೀಲದಷ್ಟು ಜೋಳ ನೆನೆದು, ಮೂರನೆಯ ದಿನಕ್ಕೆ ಕಾಳಿನ ಮೂತಿ ಕಪ್ಪಾಯಿತು. ಎಚ್ಚರಿಕೆ ಸರಿಯಾಗಿಯೇ ಬಂದಿತ್ತು ಎಂಬುದೇ ನನ್ನ ಸಂಕಟ.

ಎರಡು ಸಲ ಬರೆದು ಕೇಳಿದೆ. ವಂದನೆಗಳ ಉತ್ತರ ಬಂತು, ಸೈರನ್ ಬದಲಾಗಲಿಲ್ಲ. ರಾಡಾರ್ ಚಿತ್ರಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುವೆ, ಒಟ್ಟಿನಲ್ಲಿ ಎರಡು. ಪೇಟೆಯಲ್ಲಿ ಕುಳಿತು ಮೋಡ ನೋಡುವ ಹವ್ಯಾಸಿಗಳಿಗೆ ಇದು ಈಗಲೂ ಹಿಡಿಸಬಹುದು. ಕಣದಲ್ಲಿ ರಾಶಿ ಇಟ್ಟವರು ಕೊಳ್ಳಬೇಡಿ. ನನ್ನ ಚಂದಾ ಜೂನಿಗೆ ಮುಗಿಯುತ್ತದೆ, ಮತ್ತೆ ಕಟ್ಟುವುದಿಲ್ಲ. ಪುಣೆಯ ಅದೇ ಸಂಸ್ಥೆಯ, ಸಿಡಿಲಿನ ಎಚ್ಚರಿಕೆ ಕೊಡುವ ಉಚಿತ "ದಾಮಿನಿ" ಆ್ಯಪನ್ನು ಅಪ್ಪನ ಫೋನಿಗೆ ಹಾಕಿಕೊಟ್ಟು, ಅದು ಕೂಗಿದರೆ ಮೊದಲು ತಾಡಪತ್ರಿ ಎಳೆಯಬೇಕೆಂದು ಹೇಳಿದ್ದೇನೆ.