ಮೂರು ಕಡೆ ದುಡ್ಡು ಕೊಟ್ಟು ನೋಡಿದೆ

ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತಾರೆ. ನನಗೆ ಎರಡೂ ಕೈಗೂ ಗೊತ್ತಾಗಬೇಕು, ರಸೀದಿ ಸಮೇತ. ಬಡ ದೇಶಗಳ ಆರೋಗ್ಯಕ್ಕೆ ಅಂತ ದುಡ್ಡು ಕೊಡಲು ಹೊರಟಾಗಲೂ ಈ ಬುದ್ಧಿ ಬಿಡಲಿಲ್ಲ. ಒಂದಾದ ಮೇಲೊಂದು ಮೂರು ಸಂಸ್ಥೆಗಳಿಗೆ ಕಂತು ಕೊಡಲು ಶುರು ಮಾಡಿ, ಒಂದೊಂದನ್ನೂ ಸುಮಾರು ಒಂದು ವರ್ಷ ನೋಡಿದೆ.

ಮೊದಲನೆಯದು ಅಗೇನ್ಸ್ಟ್ ಮಲೇರಿಯಾ ಫೌಂಡೇಶನ್. ನನ್ನಂಥವರಿಗೆ ಹೇಳಿ ಮಾಡಿಸಿದ್ದು. ಅವರದು ಒಂದೇ ಕೆಲಸ, ಕೀಟನಾಶಕ ಸೇರಿಸಿದ ಸೊಳ್ಳೆ ಪರದೆ ಹಂಚುವುದು. ಜನ ಕೊಟ್ಟ ದುಡ್ಡೆಲ್ಲ ಪರದೆ ಕೊಳ್ಳುವುದಕ್ಕೇ ಹೋಗುತ್ತದೆ, ಕಚೇರಿ ಖರ್ಚಿಗೆ ಬೇರೆ ದಾನಿಗಳಿದ್ದಾರೆ. ನಮ್ಮ ದುಡ್ಡಿನ ಪರದೆ ಯಾವ ದೇಶಕ್ಕೆ ಹೋಯಿತು ಅಂತಲೂ ತಿಳಿಸುತ್ತಾರೆ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಕಚ್ಚುವುದು ಹೆಚ್ಚಾಗಿ ರಾತ್ರಿ. ಪರದೆ ಮೇಲೆ ಕೂತ ಸೊಳ್ಳೆ ಸಾಯುವುದರಿಂದ ಪರದೆ ಇಲ್ಲದ ಪಕ್ಕದ ಮನೆಗೂ ಸ್ವಲ್ಪ ಲಾಭ. ಇಷ್ಟು ಸರಳ. ಆದರೆ ಪರದೆ ಬಾಳುವುದು ಸುಮಾರು 3 ವರ್ಷ. ಆಮೇಲೆ ಮತ್ತೆ ಹೊಸದಾಗಿ ಶುರು.

ಎರಡನೆಯದು ಇದಕ್ಕೆ ಪೂರ್ತಿ ಉಲ್ಟಾ. ಎಂಎಸ್‌ಎಫ್, ಅಂದರೆ ಗಡಿಯಿಲ್ಲದ ವೈದ್ಯರು. 1971ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾಗಿ 1999ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಸಂಸ್ಥೆ. ಇಲ್ಲಿ ನನ್ನ ದುಡ್ಡು ಕಾಲರಾಕ್ಕೆ ಹೋಯಿತೋ ಯುದ್ಧದ ಗಾಯಕ್ಕೆ ಹೋಯಿತೋ ತಿಳಿಯುವುದಿಲ್ಲ. ಮೊದಮೊದಲು ಕಿರಿಕಿರಿಯಾಗುತ್ತಿತ್ತು. ಆಮೇಲೆ 2004ರ ಸುನಾಮಿಯ ವಿಷಯ ಓದಿದೆ. ದುಡ್ಡು ಹರಿದು ಬರುತ್ತಿದ್ದಾಗ, ಕೆಲವೇ ದಿನಗಳಲ್ಲಿ, ಈ ಕೆಲಸಕ್ಕೆ ಇಷ್ಟು ಸಾಕು, ಉಳಿದದ್ದನ್ನು ಬೇರೆ ಕಡೆ ಬಳಸಬಹುದಾ ಅಂತ ದಾನಿಗಳನ್ನೇ ಕೇಳಿದರಂತೆ. ಬರುವ ದುಡ್ಡಿಗೆ ಸಾಕು ಅಂದವರನ್ನು ನಾನು ನೋಡಿದ್ದು ಅಪರೂಪ. ಕ್ಯಾಮೆರಾ ಹೋಗದ ಊರಿಗೆ ಡಾಕ್ಟರು ಹೋಗಬೇಕಾದರೆ ದುಡ್ಡಿಗೆ ಚೀಟಿ ಅಂಟಿಸಿ ಕೊಡಬಾರದು ಅನ್ನಿಸಿತು.

ನಡುವೆ ಇನ್ನೊಂದು ಸಂಸ್ಥೆಗೂ ಒಮ್ಮೆ ಕೊಟ್ಟಿದ್ದೆ, ಹೆಸರು ಬೇಡ. ಆಮೇಲೆ ಕ್ಯಾಲೆಂಡರು, ಶುಭಾಶಯ ಪತ್ರ, ಪೆನ್ನು ಬರತೊಡಗಿದವು. ಸುಮ್ನೆ ನನ್ನ ದುಡ್ಡೇ ಪೆನ್ನಾಗಿ ವಾಪಸ್ ಬಂದ ಹಾಗಾಯಿತು.

ಮೂರನೆಯದು ಇಥಿಯೋಪಿಯಾದ ಹ್ಯಾಮ್ಲಿನ್ ಫಿಸ್ಟುಲಾ ಸಂಸ್ಥೆ. ಹೆರಿಗೆ ದಿನಗಟ್ಟಲೆ ಕಷ್ಟವಾಗಿ, ಸಿಸೇರಿಯನ್ ಸಿಗದಿದ್ದರೆ, ಮಗುವಿನ ತಲೆಯ ಒತ್ತಡಕ್ಕೆ ತಾಯಿಯ ಒಳಗಿನ ಮಾಂಸವೇ ಸತ್ತು ತೂತಾಗುತ್ತದೆ. ಆ ತೂತೇ ಫಿಸ್ಟುಲಾ. ಬಹಳ ಸಲ ಮಗುವೂ ಉಳಿಯುವುದಿಲ್ಲ. ತಾಯಿಗೆ ಹಗಲೂ ರಾತ್ರಿ ಮೂತ್ರ ಸೋರುತ್ತಲೇ ಇರುತ್ತದೆ. ಎಷ್ಟೋ ಸಲ ಗಂಡನೂ ಬಿಡುತ್ತಾನೆ, ಊರೂ ದೂರ ಇಡುತ್ತದೆ. ವಾಸಿ ಮಾಡುವ ಆಪರೇಷನ್ ಇದೆ. ಕ್ಯಾಥರೀನ್ ಮತ್ತು ರೆಜಿನಾಲ್ಡ್ ಹ್ಯಾಮ್ಲಿನ್ 1959ರಲ್ಲಿ ಮೂರು ವರ್ಷದ ಕೆಲಸಕ್ಕೆ ಅಂತ ಆಡಿಸ್ ಅಬಾಬಾಕ್ಕೆ ಹೋದ ಡಾಕ್ಟರ್ ದಂಪತಿ. 1974ರಲ್ಲಿ ಫಿಸ್ಟುಲಾಗೆಂದೇ ಆಸ್ಪತ್ರೆ ತೆರೆದರು. ಚಿಕಿತ್ಸೆ ಉಚಿತ. ಕ್ಯಾಥರೀನ್ 2020ರಲ್ಲಿ ಅಲ್ಲೇ ತೀರಿಕೊಂಡರು.

ನನ್ನನ್ನು ಹಿಡಿದದ್ದು ಆಪರೇಷನ್ ಅಲ್ಲ, 2007ರಲ್ಲಿ ಅವರು ಶುರು ಮಾಡಿದ ಸೂಲಗಿತ್ತಿಯರ ಕಾಲೇಜು. ಹಳ್ಳಿಯ ಹುಡುಗಿಯರನ್ನು ಕರೆತಂದು ನಾಲ್ಕು ವರ್ಷ ಓದಿಸಿ, ಮತ್ತೆ ಹಳ್ಳಿಯ ಕಡೆಗೇ ಕಳಿಸುತ್ತಾರೆ. ಹೆರಿಗೆ ತಡೆದು ನಿಂತಿದೆ ಅಂತ ಹೊತ್ತಿಗೆ ಸರಿಯಾಗಿ ಗುರುತಿಸಿ ಆಸ್ಪತ್ರೆಗೆ ಕಳಿಸುವವಳು ಹತ್ತಿರದಲ್ಲೇ ಇದ್ದರೆ ಫಿಸ್ಟುಲಾವನ್ನು ಬಹುಮಟ್ಟಿಗೆ ತಡೆಯಬಹುದು. ಆದರೆ ಇದರ ಫಲ ನಿಧಾನ. ಪರದೆಯನ್ನಾದರೂ ಎಣಿಸಬಹುದು, ಆಗದೇ ಹೋದ ಗಾಯಕ್ಕೆ ರಸೀದಿ ಕೊಡುವವರು ಯಾರು, ಅಲ್ವಾ?

ಮೊನ್ನೆ ಪರದೆಯ ಕಂತನ್ನು ಅರ್ಧ ಮಾಡಿ, ಉಳಿದದ್ದನ್ನು ಸೂಲಗಿತ್ತಿಯರ ಕಡೆ ತಿರುಗಿಸಿದೆ. ಎಂಎಸ್‌ಎಫ್‌ನದು ಹಾಗೇ ಇದೆ. ಇಷ್ಟಾದರೂ ಮೂರು ಕಡೆಯಿಂದ ಇಮೇಲ್ ಬಂದಿದ್ದರೆ ನಾನು ಮೊದಲು ತೆರೆಯುವುದು ಪರದೆಯದನ್ನೇ.