ಅನಾಗ್ರೆಲೈಡ್ ಮಾತ್ರೆ: ನಾಲ್ಕು ವರ್ಷ ನುಂಗಿದ ಮೇಲೆ

ಡೆಂಗಿ ಬಂದಾಗ ನಮ್ಮ ಉಡುಪಿಯಲ್ಲಿ ಪ್ಲೇಟ್‌ಲೆಟ್ ಇಳಿಯಿತೆಂದು ಪಪ್ಪಾಯಿ ಎಲೆ ಹುಡುಕಿಕೊಂಡು ಓಡುತ್ತಾರೆ. ನನಗೆ ಏರಿದ್ದೇ ಕಾಯಿಲೆ. ನಾಲ್ಕೂವರೆ ಲಕ್ಷದೊಳಗೆ ಇರಬೇಕಾದದ್ದು ಹನ್ನೊಂದು ಲಕ್ಷವಾಗಿತ್ತು. ಅದನ್ನು ಇಳಿಸಲು ಮೊದಲು ಕೊಟ್ಟ ಹೈಡ್ರಾಕ್ಸಿಯೂರಿಯಾ ಎಂಬ ಔಷಧಿ ಬಾಯಿ ತುಂಬ ಹುಣ್ಣು ಮಾಡಿದ ಮೇಲೆ ಡಾಕ್ಟರು ಈ ಅನಾಗ್ರೆಲೈಡ್ ಬರೆದುಕೊಟ್ಟರು.

ಮೊದಲ ವಾರ ಜಗಲಿಯಲ್ಲಿ ಸುಮ್ಮನೆ ಕುಳಿತಿದ್ದರೂ ಎದೆ ಡವಡವ ಎನ್ನುತ್ತಿತ್ತು. ಎಡ ಮಗ್ಗುಲಾಗಿ ಮಲಗಿದರೆ ಬಡಿತ ದಿಂಬಿನಲ್ಲಿ ಕೇಳಿಸುತ್ತಿತ್ತು. ಜತೆಗೆ ತಲೆನೋವು. ಮೂಳೆಯ ಮಜ್ಜೆಯಲ್ಲಿ ಪ್ಲೇಟ್‌ಲೆಟ್ ಹುಟ್ಟಿಸುವ ದೊಡ್ಡ ಕೋಶಗಳು ಬಲಿಯದಂತೆ ತಡೆಯುವ ಈ ಔಷಧಿ ಹೃದಯದ ಬಡಿತವನ್ನೂ ಹೆಚ್ಚಿಸುತ್ತದೆ. ಶುರು ಮಾಡುವ ಮೊದಲು ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದ್ದು ಅದಕ್ಕೇ. ಆದರೆ ಕಾಫಿಯ ವಿಷಯ ಯಾರೂ ಹೇಳಿರಲಿಲ್ಲ. ಕೆಫೀನನ್ನೂ ಈ ಮಾತ್ರೆಯನ್ನೂ ಯಕೃತ್ತಿನಲ್ಲಿ ಕರಗಿಸುವುದು ಒಂದೇ ಕಿಣ್ವವಂತೆ; ಎರಡೂ ಒಟ್ಟಾದರೆ ಎದೆಬಡಿತ ಇನ್ನೂ ಹೆಚ್ಚಬಹುದು. ದಿನಕ್ಕೆ ಮೂರು ಲೋಟ ಕುಡಿಯುತ್ತಿದ್ದವನಿಗೆ ಇದು ಮೊದಲ ದಿನವೇ ತಿಳಿಯಬೇಕಿತ್ತು. ಆ ಸಿಟ್ಟು ಇನ್ನೂ ಆರಿಲ್ಲ.

ಈಗ ಬೆಳಿಗ್ಗೆ ಕಷಾಯ. ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು ಕುಟ್ಟಿದ ಪುಡಿಯನ್ನು ಕುದಿಸಿ, ಬೆಲ್ಲ ಹಾಕಿ, ಕೊನೆಗೆ ಹಾಲು. ಅದು ಆರುವ ತನಕ ನಾಡಿ ಹಿಡಿದು ಗಡಿಯಾರ ನೋಡಿ ಎಣಿಸುತ್ತೇನೆ, ಪಂಚಾಂಗದ ಪಕ್ಕದ ಪುಸ್ತಕದಲ್ಲಿ ಬರೆದಿಡುತ್ತೇನೆ. ಆಮೇಲೆ ಮಾತ್ರೆ. ತಿಂಗಳು ಕಳೆಯುವಷ್ಟರಲ್ಲಿ ತಲೆನೋವು ಹೋಯಿತು, ಎದೆಬಡಿತ ತಗ್ಗಿತು. ಮೂರನೆಯ ತಿಂಗಳ ರಕ್ತಪರೀಕ್ಷೆಯಲ್ಲಿ ನಾಲ್ಕು ಲಕ್ಷದ ಹತ್ತಿರ! ಆ ಚೀಟಿ ಹಿಡಿದು ಬಸ್ ನಿಲ್ದಾಣದಲ್ಲಿ ನಿಂತಾಗ ಕಣ್ಣು ತುಂಬಿತು.

ಬೆಲೆ ಹೈಡ್ರಾಕ್ಸಿಯೂರಿಯಾಕ್ಕಿಂತ ಹೆಚ್ಚು, ಪಿಂಚಣಿಗೆ ಭಾರವೇ. ಅದಕ್ಕಿಂತ ಕಷ್ಟ, ಇದು ಎಲ್ಲ ಮೆಡಿಕಲ್‌ಗಳಲ್ಲಿ ಸಿಗುವುದಿಲ್ಲ. ಒಂದು ಆಟಿಯ ಮಳೆಯಲ್ಲಿ ‘ನಾಳೆ ಬರುತ್ತದೆ’ ಎನ್ನುತ್ತಾ ಅಂಗಡಿಯವರು ಐದು ದಿನ ಕಾಯಿಸಿದರು. ನಿಲ್ಲಿಸಿದ ನಾಲ್ಕೈದು ದಿನಗಳಲ್ಲೇ ಪ್ಲೇಟ್‌ಲೆಟ್ ಮತ್ತೆ ಏರತೊಡಗುತ್ತದೆ. ನನ್ನದು ಏಳು ಲಕ್ಷಕ್ಕೆ ಹೋಯಿತು. ಈಗ ಒಂದು ಪಟ್ಟಿ ಯಾವಾಗಲೂ ಹೆಚ್ಚಿಗೆ ಇರುತ್ತದೆ.

ಆಸ್ಪಿರಿನ್ ಜತೆಗಿದ್ದರೆ ರಕ್ತಸ್ರಾವದ ಭಯ ಹೆಚ್ಚು. ಹಲ್ಲು ಕೀಳಿಸುವಾಗ ಮೊದಲೇ ಹೇಳಿ, ದಯವಿಟ್ಟು. ಹೃದಯದ ತೊಂದರೆ ಇದ್ದವರು, ಯಕೃತ್ತು ಕೆಟ್ಟವರು ಡಾಕ್ಟರರಲ್ಲಿ ಮುಚ್ಚಿಡಬೇಡಿ. ಕಾಲು ಊದಿದರೆ, ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದರೆ ಕಾಯುತ್ತಾ ಕೂರಬೇಡಿ. ನನ್ನ ಮುಂದಿನ ಎಕೋ ಚೌತಿ ಕಳೆದ ಮೇಲೆ.